ಡಾ| ಯಲ್ಲಾಪ್ರಗಡ ಸುಬ್ಬರಾಯರು: ಹಳದಿ ಗುಳಿಗೆಯ ಹಿಂದಿನ ಜೀವ

ಮನೆಯಲ್ಲಿ ಹೇಳದೆ ಊರು ಬಿಟ್ಟು ಹೊರಟ ಬಾಲಕರ ಕತೆಯು ನಮ್ಮ ವಾಚಕರಿಗೆ ಹೊಸದಲ್ಲ. ಇಂದು ಹೋಟೆಲಿನ ಗಲ್ಲಾದ ಮೇಲೆ ಕುಳಿತಿರುವ ಹಿರಿಯರಲ್ಲಿ ಅದೆಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲಿ ಮುಂಬಯಿಗೆ ಬಂದಿಳಿದು, ಲೋಟ ತೊಳೆಯುವಲ್ಲಿಂದ ಬದುಕನ್ನು ಆರಂಭಿಸಿದವರೇ ಆಗಿದ್ದಾರೆ. ಅಂತಹುದೇ ಒಬ್ಬ ಬಾಲಕನು ತನ್ನ ಹದಿಮೂರನೆಯ ವಯಸ್ಸಿನಲ್ಲಿ ಗೋದಾವರಿ ಸೀಮೆಯ ತನ್ನ ಮನೆಯಿಂದ ಕಾಶಿಗೆಂದು ಹೊರಟನು. ದೇವರ ದರ್ಶನಕ್ಕಲ್ಲ, ಅಲ್ಲಿಗೆ ಬರುವ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡಬೇಕೆಂಬುದು ಅವನ ಹಂಚಿಕೆಯಾಗಿದ್ದಿತು. ಸುದ್ದಿ ತಿಳಿದ ತಾಯಿಯು ದಾರಿಯಲ್ಲಿಯೇ ಅವನನ್ನು ತಡೆದು ಹಿಂದಕ್ಕೆ ಕರೆತಂದು ಮತ್ತೆ ಶಾಲೆಗೆ ಕೂಡಿಸಿದಳು. ಆ ತಾಯಿಯ ಹಟದ ಫಲವನ್ನು ಇಂದು ಜಗತ್ತಿನ ಆಸ್ಪತ್ರೆಗಳೆಲ್ಲವೂ ಉಣ್ಣುತ್ತಿವೆ.

ಆ ಬಾಲಕನೇ ಮುಂದೆ ಡಾ| ಯಲ್ಲಾಪ್ರಗಡ ಸುಬ್ಬರಾಯರೆಂದು ವಿಜ್ಞಾನಲೋಕದಲ್ಲಿ ಪ್ರಸಿದ್ಧರಾದರು. ಕಾಂದಿವಲಿಯಲ್ಲಿ ಲೋಕಲ್ ಗಾಡಿ ಹಿಡಿದು, 2018ರವರೆಗೆ ಎಲ್ಫಿನ್‌ಸ್ಟನ್ ರೋಡ್ ಎಂಬ ಹೆಸರಿದ್ದ ಪ್ರಭಾದೇವಿ ನಿಲ್ದಾಣದಲ್ಲಿ ಇಳಿದು, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಹೋಗುವ ತಂದೆತಾಯಿಗಳಿಗೆ ಈ ಹೆಸರು ತಿಳಿದಿರುವ ಸಂಭವ ಕಡಿಮೆ. ಆದರೆ ಮೆಥೊಟ್ರೆಕ್ಸೇಟ್ ಎಂಬ ಔಷಧದ ಹೆಸರು ಅವರಿಗೆ ಕೆಲವೇ ವಾರಗಳಲ್ಲಿ ಬಾಯಿಪಾಠವಾಗಿರುತ್ತದೆ. ಸಂಧಿವಾತಕ್ಕೆಂದು ಇದೇ ಔಷಧದ ಸಣ್ಣ ಹಳದಿ ಗುಳಿಗೆಯನ್ನು ನುಂಗುವವರು ನಮ್ಮ ನೆರೆಹೊರೆಯಲ್ಲಿಯೂ ಇದ್ದಾರೆ. ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲದ ಗುಳಿಗೆಯಂತೂ ಪ್ರತಿಯೊಂದು ಮನೆಯಲ್ಲಿಯೂ ಒಮ್ಮೆಯಾದರೂ ಇದ್ದುದೇ ಸರಿ. ಒಂದು ಜೀವಕೋಶವನ್ನು ಪೋಷಿಸುವುದು, ಇನ್ನೊಂದು ಅದೇ ಜೀವಕೋಶವನ್ನು ಉಪವಾಸ ಕೆಡವುವುದು. ಎರಡೂ ಒಬ್ಬನೇ ಮನುಷ್ಯನ ಪ್ರಯೋಗಶಾಲೆಯಿಂದ ಬಂದವುಗಳೆಂಬುದೇ ಈ ಜೀವನಚರಿತ್ರೆಯ ವಿಶೇಷವಾಗಿದೆ.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮವರಂ ಎಂಬಲ್ಲಿ ಜನಿಸಿದರು. ತಂದೆ ಜಗನ್ನಾಥಂ ಅವರು ಕಂದಾಯ ಇಲಾಖೆಯ ನೌಕರರಾಗಿದ್ದು ಅನಾರೋಗ್ಯದ ಕಾರಣ ಬೇಗನೆ ನಿವೃತ್ತರಾದುದರಿಂದ ಸಂಸಾರದ ಭಾರವೆಲ್ಲವೂ ತಾಯಿ ವೆಂಕಮ್ಮನವರ ಮೇಲೆ ಬಿದ್ದಿತು. ಆಕೆ ಮೈಮೇಲಿನ ಒಡವೆಯನ್ನು ಮಾರಿ ಮಗನ ಓದಿಗೆ ಹಣ ಹೊಂದಿಸಿದರೆಂದು ಹೇಳುತ್ತಾರೆ. ಮಗನೇನೂ ಆಗ ಪ್ರತಿಭಾವಂತನೆಂದು ಹೆಸರಾದವನಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ, ಮದರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದನು. ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದಾಗ ಸಂನ್ಯಾಸಿಯಾಗಿ ರಾಮಕೃಷ್ಣ ಮಿಷನ್ನನ್ನು ಸೇರಬೇಕೆಂಬ ಹಂಬಲ ಹುಟ್ಟಿದಾಗಲೂ ತಾಯಿಯು ಒಪ್ಪಿಗೆ ಕೊಡಲಿಲ್ಲ. ಕೊನೆಗೆ 1915ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. 1919ರಲ್ಲಿ ಶೇಷಗಿರಿ ಎಂಬ ಕನ್ಯೆಯೊಡನೆ ವಿವಾಹವಾಯಿತು. ಮಾವನವರು ಓದಿನ ವೆಚ್ಚಕ್ಕೆ ನೆರವಾದರು.

ಗಾಂಧೀಜಿಯವರ ಕರೆಯು ದೇಶವನ್ನೆಲ್ಲ ಕದಡುತ್ತಿದ್ದ ಕಾಲವದು. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ನಿಲುವಂಗಿಯನ್ನೇ ಧರಿಸಿ ಹೋದರು. ಶಸ್ತ್ರಚಿಕಿತ್ಸೆಯ ಆಂಗ್ಲ ಪ್ರಾಧ್ಯಾಪಕನಿಗೆ ಇದು ಸರಿಬೀಳಲಿಲ್ಲ. ಓದನ್ನು ಮುಗಿಸಿದಾಗ ಪೂರ್ಣ ಎಂ.ಬಿ.ಬಿ.ಎಸ್. ಪದವಿಯ ಬದಲು ಎಲ್.ಎಂ.ಎಸ್. ಎಂಬ ಕಡಿಮೆ ದರ್ಜೆಯ ಪ್ರಮಾಣಪತ್ರವು ಅವರ ಕೈಗೆ ಬಂದಿತು. ಸರಕಾರಿ ವೈದ್ಯಕೀಯ ಸೇವೆಯ ಬಾಗಿಲು ಮುಚ್ಚಿದಂತಾಯಿತು. ಆಗ ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಇಷ್ಟರಲ್ಲಿ ಮನೆತನಕ್ಕೆ ಸಿಡಿಲು ಬಡಿದಿದ್ದಿತು. ಅವರ ಇಬ್ಬರು ಸಹೋದರರು ಎಂಟೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ವ್ಯಾಧಿಯಿಂದ ತೀರಿಕೊಂಡರು. ನಮ್ಮ ಪಂಡಿತರು ಗ್ರಹಣಿ, ಸಂಗ್ರಹಣಿ ಎಂದು ಕರೆಯುವ ರೋಗಗಳಿಗೆ ಇದು ಹತ್ತಿರದ ಸಂಬಂಧಿ. ಉಂಡ ಅನ್ನ ಮೈಗೆ ಹತ್ತದೆ, ಭೇದಿ ನಿಲ್ಲದೆ, ನಾಲಗೆ ಹುಣ್ಣಾಗಿ, ರಕ್ತ ಬತ್ತಿ, ರೋಗಿಯು ದಿನದಿನಕ್ಕೂ ಒಣಗುತ್ತ ಹೋಗುತ್ತಾನೆ. ಸುಬ್ಬರಾಯರನ್ನೂ ಅದೇ ವ್ಯಾಧಿ ಹಿಡಿದಿತು. ಆಯುರ್ವೇದ ವೈದ್ಯರಾದ ಡಾ| ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಅವರು ಬದುಕಿಕೊಂಡರು. ಈ ರೋಗಕ್ಕೆ ಮೂಲವೇನು, ಮದ್ದೇನು ಎಂಬ ಪ್ರಶ್ನೆಯನ್ನು ಮಾತ್ರ ಅವರು ಸಾಯುವವರೆಗೂ ಬಿಡಲಿಲ್ಲ.

ಆ ಪ್ರಶ್ನೆಯನ್ನು ಹೊತ್ತೇ ಅವರು ಅಮೆರಿಕೆಗೆ ಹೊರಟರು. ಮೂರು ವರ್ಷಗಳಲ್ಲಿ ಹಿಂದಿರುಗುವುದಾಗಿ ತರುಣಿಯಾದ ಪತ್ನಿಗೆ ಮಾತು ಕೊಟ್ಟಿದ್ದರು. ಮಾವನವರೂ ಕಾಕಿನಾಡೆಯ ಒಂದು ಧರ್ಮಸಂಸ್ಥೆಯವರೂ ಹಣ ಕೊಟ್ಟರು. 1922ನೆಯ ಅಕ್ಟೋಬರ್ 26ರಂದು ಬೋಸ್ಟನ್ ನಗರದಲ್ಲಿ ಇಳಿದಾಗ ಜೇಬಿನಲ್ಲಿ ಉಳಿದಿದ್ದುದು ಅತ್ಯಲ್ಪ. ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯ ವೈದ್ಯ ವಿಭಾಗದಲ್ಲಿ ಪ್ರವೇಶವು ದೊರೆಯಿತು, ವಿದ್ಯಾರ್ಥಿವೇತನವು ದೊರೆಯಲಿಲ್ಲ. ಎಲ್.ಎಂ.ಎಸ್. ಪತ್ರಕ್ಕೆ ಅಲ್ಲಿ ವೈದ್ಯನ ಮಾನ್ಯತೆಯೂ ಇರಲಿಲ್ಲ.

ಆಗ ಅವರು ಹಿಡಿದ ಉದ್ಯೋಗವನ್ನು ನಮ್ಮ ವಾಚಕರು ಗಮನಿಸಬೇಕು. ಪೀಟರ್ ಬೆಂಟ್ ಬ್ರಿಗ್‌ಹ್ಯಾಂ ಎಂಬ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸದಾಳಾಗಿ ಸೇರಿ, ರೋಗಿಗಳ ಮಲಮೂತ್ರ ಪಾತ್ರೆಗಳನ್ನು ಎತ್ತಿ ತೊಳೆದರು. ಮದರಾಸಿನ ವೈದ್ಯ, ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದವನು, ಮಡಿವಂತ ಮನೆತನದಿಂದ ಬಂದವನು! ಮುಂಬಯಿಯ ಕನ್ನಡ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದರು. ಸುಬ್ಬರಾಯರು ಹಗಲು ಓದಿ ರಾತ್ರಿ ದುಡಿದರು. ಅಷ್ಟೇ ವ್ಯತ್ಯಾಸ. ಆಸ್ಪತ್ರೆಯೆಂಬುದನ್ನು ವೈದ್ಯನ ಮೇಜಿನ ಕಡೆಯಿಂದಲ್ಲದೆ ದಾದಿಯ ಮತ್ತು ಆಳಿನ ಕಡೆಯಿಂದಲೂ ಕಂಡ ಔಷಧ ಸಂಶೋಧಕರು ಹೆಚ್ಚಿಲ್ಲ. ಈ ದಿನಗಳಲ್ಲಿಯೇ ಊರಿನಿಂದ ಬಂದ ಸುದ್ದಿಯೊಂದು ಅವರನ್ನು ಕುಗ್ಗಿಸಿತು. ಅವರು ಹೊರಟ ಮೇಲೆ ಜನಿಸಿದ ಮಗನು ಹಸುಗೂಸಾಗಿದ್ದಾಗಲೇ ತೀರಿಕೊಂಡನು. ತಂದೆಯು ಮಗನ ಮುಖವನ್ನು ಕಾಣಲೇ ಇಲ್ಲ.

ಡಿಪ್ಲೊಮಾ ಪಡೆದ ಬಳಿಕ ಅವರು ಹಾರ್ವರ್ಡಿನಲ್ಲಿಯೇ ಸೈರಸ್ ಫಿಸ್ಕೆ ಎಂಬ ಜೀವರಸಾಯನ ವಿಜ್ಞಾನಿಯ ಬಳಿ ಸೇರಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕದ ಪ್ರಮಾಣವನ್ನು, ದ್ರವಕ್ಕೆ ಬರುವ ನೀಲಿಬಣ್ಣದ ಗಾಢತೆಯಿಂದ ಅಳೆಯುವ ವಿಧಾನವೊಂದನ್ನು ಇವರಿಬ್ಬರೂ 1925ರಲ್ಲಿ ಪ್ರಕಟಿಸಿದರು. ಫಿಸ್ಕೆ-ಸುಬ್ಬರಾವ್ ವಿಧಾನವೆಂದು ಅದು ಪಠ್ಯಪುಸ್ತಕಗಳಲ್ಲಿ ನೆಲೆಸಿತು. ಅದೇ ಜಾಡಿನಲ್ಲಿ ನಡೆದು 1927ರಲ್ಲಿ ಫಾಸ್ಫೊಕ್ರಿಯೇಟಿನ್ ಎಂಬುದನ್ನೂ, 1929ರಲ್ಲಿ ಎ.ಟಿ.ಪಿ. ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ವಸ್ತುವನ್ನೂ ಸ್ನಾಯುವಿನಲ್ಲಿ ಕಂಡುಹಿಡಿದರು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಎಂಬವನೂ ಸ್ವತಂತ್ರವಾಗಿ ಕಂಡುಕೊಂಡಿದ್ದನು. ಕೈಯೆತ್ತುವುದಕ್ಕೂ ಉಸಿರಾಡುವುದಕ್ಕೂ ಹೃದಯವು ಬಡಿಯುವುದಕ್ಕೂ ಬೇಕಾದ ಶಕ್ತಿಯು ಜೀವಕೋಶಕ್ಕೆ ಈ ನಾಣ್ಯದ ರೂಪದಲ್ಲಿಯೇ ಸಲ್ಲುತ್ತದೆ. ಫಾಸ್ಫೊಕ್ರಿಯೇಟಿನ್ ಎಂಬುದು ತತ್ಕಾಲದ ಚಿಲ್ಲರೆಗಾಗಿ ಗಲ್ಲಾದ ಬದಿಯಲ್ಲಿ ಇಟ್ಟುಕೊಂಡ ಡಬ್ಬಿಯಿದ್ದಂತೆ.

ಇಲ್ಲಿ ನಾವು ಇನ್ನೊಬ್ಬ ವಲಸಿಗನನ್ನು ನೆನೆಯಬೇಕಾಗಿದೆ. ಜಪಾನಿನಿಂದ ಅಮೆರಿಕೆಗೆ ಬಂದು ನೆಲೆಸಿದ ಜೋಕಿಚಿ ತಾಕಾಮಿನೆ ಎಂಬವನು 1901ರ ಸುಮಾರಿಗೆ, ಮೂತ್ರಪಿಂಡದ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಯಿಂದ ಅಡ್ರಿನಲಿನ್ ಎಂಬ ಸತ್ತ್ವವನ್ನು ಶುದ್ಧ ಹರಳಾಗಿ ತೆಗೆದನು. ಆತನು ನ್ಯೂಯಾರ್ಕಿನಲ್ಲಿ ತೀರಿಕೊಂಡುದು 1922ರ ಜುಲೈಯಲ್ಲಿ. ಸುಬ್ಬರಾಯರು ಬೋಸ್ಟನ್ನಿಗೆ ಕಾಲಿಟ್ಟುದು ಮೂರು ತಿಂಗಳ ಬಳಿಕ. ಇಬ್ಬರೂ ಸಂಧಿಸಲಿಲ್ಲ. ಆದರೂ ಅವರವರ ವಸ್ತುಗಳು ನಮ್ಮ ದೇಹದಲ್ಲಿ ಸಂಧಿಸುತ್ತವೆ. ಅಡ್ರಿನಲಿನ್ನು ಹೃದಯದ ಕೋಶದ ಬಾಗಿಲನ್ನು ತಟ್ಟಿದಾಗ ಒಳಗೆ ಎ.ಟಿ.ಪಿ.ಯ ಒಂದು ಭಾಗವು ರೂಪಾಂತರ ಹೊಂದಿ ಆಜ್ಞೆಯನ್ನು ಸಾಗಿಸುವ ದೂತನಾಗುತ್ತದೆ. ಹೃದಯವು ವೇಗವಾಗಿ ಬಡಿಯುತ್ತದೆ, ಮುಚ್ಚಿದ ಶ್ವಾಸನಾಳವು ತೆರೆಯುತ್ತದೆ. ಈ ದೂತನನ್ನು ಗುರುತಿಸಿದ ಅರ್ಲ್ ಸದರ್ಲ್ಯಾಂಡನಿಗೆ 1971ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆಸ್ಪತ್ರೆಯಲ್ಲಿ ದಾದಿಯು ಹಿಡಿದ ತಟ್ಟೆಯಲ್ಲಿ ಈ ಇಬ್ಬರು ವಲಸಿಗರ ಔಷಧಗಳು ಹೇಗೆ ಅಕ್ಕಪಕ್ಕದಲ್ಲಿ ಬಂದು ಕುಳಿತವೆಂಬುದನ್ನು ಮುಂದೆ ಹೇಳುವೆವು.

ಇಷ್ಟೆಲ್ಲ ಮಾಡಿದರೂ, ಡಾಕ್ಟರೇಟು ಪಡೆದರೂ, ಹಾರ್ವರ್ಡಿನಲ್ಲಿ ಸುಬ್ಬರಾಯರಿಗೆ ಸ್ಥಿರವಾದ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಕಾರಖಾನೆಯನ್ನು ಸೇರಿ, ಬೇಗನೆ ಅದರ ಸಂಶೋಧನ ವಿಭಾಗದ ನಿರ್ದೇಶಕರಾದರು. ವಿಶ್ವವಿದ್ಯಾಲಯದ ಮಾನವು ತಪ್ಪಿತಾದರೂ, ನೂರಾರು ಜನ ವಿಜ್ಞಾನಿಗಳ ದಂಡು ಕೈಗೆ ಬಂದಿತು. ಹಳೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಈಗ ಕಾಲ ಕೂಡಿತು.

ಆ ಪ್ರಶ್ನೆಯ ಒಂದು ಎಳೆಯು ನಮ್ಮ ಮುಂಬಯಿಯಲ್ಲಿಯೇ ಇದ್ದಿತೆಂಬುದು ಅಭಿಮಾನದ ಮಾತಾಗಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು ಪರೇಲಿನ ಹಾಫ್‌ಕಿನ್ ಸಂಸ್ಥೆಯನ್ನು ನೆಲೆಯಾಗಿ ಮಾಡಿಕೊಂಡು, ಬಡ ಗರ್ಭಿಣಿಯರ ರಕ್ತಹೀನತೆಯ ಕಾರಣವನ್ನು ಹುಡುಕಿದಳು. ಬಟ್ಟೆಗಿರಣಿಗಳಲ್ಲಿ ದುಡಿಯುವ ಹೆಂಗಸರಲ್ಲಿ ಅದು ಪ್ರಾಣಾಂತಿಕವಾಗಿದ್ದಿತು. ಅವರ ಮನೆಯ ಊಟವೇನೆಂಬುದನ್ನು ವಿಚಾರಿಸಿದಳು. ರೋಗಾಣುವಿನ ದೋಷವಲ್ಲ, ಆಹಾರದ ಕೊರತೆಯೆಂದು ಕಂಡಳು. ಕೊನೆಗೆ ಮಾರ್ಮೈಟ್ ಎಂಬ, ಯೀಸ್ಟಿನಿಂದ ತೆಗೆದ ಅಗ್ಗದ ಸಾರವನ್ನು ತಿನ್ನಿಸಿದಾಗ ಅವರ ರಕ್ತವು ತುಂಬಿ ಬಂದಿತು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದಳು. ಆ ಸಾರದಲ್ಲಿದ್ದ ಅನಾಮಧೇಯ ವಸ್ತುವಿಗೆ ಬಹುಕಾಲ ವಿಲ್ಸ್ ಅಂಶವೆಂಬ ಹೆಸರೇ ಇದ್ದಿತು. 1941ರಲ್ಲಿ ಅಮೆರಿಕೆಯ ಟೆಕ್ಸಸಿನಲ್ಲಿ ನಾಲ್ಕು ಟನ್ನುಗಳಷ್ಟು ಪಾಲಕ್ ಸೊಪ್ಪನ್ನು ಅರೆದು ಸೋಸಿ ತೆಗೆದ ವಸ್ತುವಿಗೆ, ಎಲೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ, ಫೋಲಿಕ್ ಆಮ್ಲವೆಂದು ನಾಮಕರಣವಾಯಿತು. ಎರಡೂ ಒಂದೇ ಎಂಬುದು ಮುಂದೆ ತಿಳಿಯಿತು.

ಸೊಪ್ಪಿನಿಂದಲೂ ಪಿತ್ತಜನಕಾಂಗದಿಂದಲೂ ತೊಟ್ಟುತೊಟ್ಟಾಗಿ ಹಿಂಡಿ ತೆಗೆದರೆ ರೋಗಿಗಳಿಗೆ ಸಾಲುವುದೆಂತು? ಸುಬ್ಬರಾಯರ ತಂಡವು 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ರಚಿಸಿತು. ಸೇರುಗಟ್ಟಲೆ ತಯಾರಿಸಬಹುದಾದ ಹಳದಿ ಪುಡಿಯದು. ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ಹುಣ್ಣಾದ ನಾಲಗೆ ಮಾಗಿತು, ರಕ್ತವು ತುಂಬಿತು, ಹಸಿವು ಮರಳಿತು. ಇಬ್ಬರು ಸಹೋದರರನ್ನು ಎಂಟು ದಿನಗಳಲ್ಲಿ ಕೊಂಡೊಯ್ದ ರೋಗದ ಮದ್ದು, ಕಾಲು ಶತಮಾನಕ್ಕೂ ಹೆಚ್ಚಿನ ಕಾಲವು ಕಳೆದ ಬಳಿಕ, ಸಹೋದರನ ಕೈಸೇರಿತು.

ಅನಂತರದ ಕತೆಯು ಒಂದು ವಿಫಲ ಪ್ರಯತ್ನದಿಂದ ಆರಂಭವಾಗುತ್ತದೆ. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯನಿದ್ದನು. ರಕ್ತದ ಅರ್ಬುದದಿಂದ, ಎಂದರೆ ಲ್ಯುಕೀಮಿಯದಿಂದ, ಸಾಯುತ್ತಿದ್ದ ಮಕ್ಕಳಿಗೆ ಅವನು ಲೆಡರ್ಲೆಯಿಂದ ಬಂದ ಫೋಲಿಕ್ ಆಮ್ಲದ ಸಂಬಂಧಿ ವಸ್ತುಗಳನ್ನು ಕೊಟ್ಟನು. ರೋಗವು ಕುಗ್ಗುವ ಬದಲು ಉಕ್ಕಿದಂತೆ ತೋರಿತು. ಇನ್ನೊಬ್ಬನಾದರೆ ಕೈಬಿಡುತ್ತಿದ್ದನು. ಫಾರ್ಬರನು ಬೇರೆ ಬಗೆಯಾಗಿ ಯೋಚಿಸಿದನು: ಇದು ಅರ್ಬುದಕ್ಕೆ ಅನ್ನವಾದರೆ, ಆ ಅನ್ನವನ್ನು ತಪ್ಪಿಸುವ ವಸ್ತುವು ಮದ್ದಾಗಲಾರದೇ? ಫೋಲಿಕ್ ಆಮ್ಲವನ್ನು ರಚಿಸುವ ವಿದ್ಯೆಯನ್ನು ಅರಿತ ಸುಬ್ಬರಾಯರ ತಂಡಕ್ಕೆ ಅದನ್ನು ಸ್ವಲ್ಪ ಮಾರ್ಪಡಿಸುವುದೂ ಸಾಧ್ಯವಾಯಿತು.

ಈ ಮಾರ್ಪಾಟಿನ ಕೆಲಸವನ್ನು ಹೋಟೆಲಿನವರಿಗೆ ಬೇಗನೆ ತಿಳಿಯುವಂತೆ ಹೇಳಬಹುದು. ಹೊತ್ತಿನ ಊಟದ ಸಮಯದಲ್ಲಿ ಗಿರಾಕಿಯೊಬ್ಬನು ಬಂದು ಮೇಜಿನ ಮುಂದೆ ಕುಳಿತು, ಏನನ್ನೂ ತರಿಸದೆ, ಏಳದೆ ಇದ್ದುಬಿಟ್ಟರೆ ಆ ಮೇಜಿನ ವ್ಯಾಪಾರವು ನಿಂತುಹೋಗುತ್ತದೆ. ನೋಡುವುದಕ್ಕೆ ಅವನು ಇತರ ಗಿರಾಕಿಗಳಂತೆಯೇ ಇರುವುದರಿಂದ ಬಾಗಿಲಲ್ಲಿ ತಡೆಯುವವರಿಲ್ಲ. ಜೀವಕೋಶವು ತನ್ನನ್ನು ಇಮ್ಮಡಿಸಿಕೊಳ್ಳಲು ಬೇಕಾದ ಫೋಲಿಕ್ ಆಮ್ಲವನ್ನು ಸಿದ್ಧಪಡಿಸುವ ಕಿಣ್ವವೊಂದಿದೆ. ಫೋಲಿಕ್ ಆಮ್ಲದಂತೆಯೇ ಕಾಣುವ ಹೊಸ ವಸ್ತುವು ಅದರ ಮೇಲೆ ಹೋಗಿ ಕುಳಿತುಬಿಡುತ್ತದೆ. ಕೋಶದ ವೃದ್ಧಿಯು ನಿಲ್ಲುತ್ತದೆ. ಅರ್ಬುದದ ಕೋಶಗಳು ಅತಿ ಶೀಘ್ರವಾಗಿ ವೃದ್ಧಿಸುವವುಗಳಾದುದರಿಂದ ಅವು ಮೊದಲು ಉಪವಾಸ ಬೀಳುತ್ತವೆ. ಆದರೆ ಬಾಯಿಯ ಒಳಪೊರೆಯೂ ಕರುಳಿನ ಪೊರೆಯೂ ಎಲುಬಿನ ಮಜ್ಜೆಯೂ ಬೇಗ ಬೇಗ ಬೆಳೆಯುವವುಗಳೇ ಆದುದರಿಂದ ಅವೂ ಬಾಧೆಗೊಳ್ಳುತ್ತವೆ. ಈ ಚಿಕಿತ್ಸೆಯ ಪ್ರಸಿದ್ಧ ಸಂಕಟಗಳೆಲ್ಲವೂ ಹುಟ್ಟುವುದು ಇಲ್ಲಿಯೇ.

ಅಮಿನಾಪ್ಟೆರಿನ್ ಎಂಬ ಈ ವಸ್ತುವನ್ನು ಫಾರ್ಬರನು 1947ರ ಕೊನೆಯಲ್ಲಿ ಕೊಡಲಾರಂಭಿಸಿದನು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳ ರೋಗವು ಇಳಿಯಿತೆಂದು 1948ರ ಜೂನಿನಲ್ಲಿ ಅವನು ಪ್ರಕಟಿಸಿದನು. ಆ ಇಳಿತವು ತಾತ್ಕಾಲಿಕವಾಗಿದ್ದಿತು; ರೋಗವು ಮರಳಿ ಬಂದಿತು. ಆದರೆ ಅಲ್ಲಿಯವರೆಗೆ ಈ ರೋಗವನ್ನು ಒಂದು ದಿನವಾದರೂ ಹಿಮ್ಮೆಟ್ಟಿಸಬಹುದೆಂದು ವೈದ್ಯರು ನಂಬಿರಲಿಲ್ಲ.

ಇದೇ ವರ್ಷಗಳಲ್ಲಿ ಅವರ ವಿಭಾಗದಿಂದ ಬಂದ ಇನ್ನೆರಡು ಔಷಧಗಳನ್ನು ಹೇಳದಿದ್ದರೆ ನಮ್ಮ ಕರಾವಳಿಯ ವಾಚಕರಿಗೆ ಅನ್ಯಾಯವಾದೀತು. 1947ರಲ್ಲಿ ಹೊರಬಂದ ಹೆಟ್ರಜಾನ್, ಅರ್ಥಾತ್ ಡೈಇಥೈಲ್‌ಕಾರ್ಬಮಜೀನ್, ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ ಔಷಧವಾಗಿದೆ. ದಕ್ಷಿಣ ಕನ್ನಡ, ಉಡುಪಿ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಎದುರಿನಲ್ಲಿಯೇ ನುಂಗಿಸಿಹೋದ ಆನೆಕಾಲು ಗುಳಿಗೆಯು ಇದೇ. ಇನ್ನೊಂದು, ಬೆಂಜಮಿನ್ ಡಗ್ಗರ್ ಎಂಬ ವೃದ್ಧ ವಿಜ್ಞಾನಿಯು ಮಣ್ಣಿನಿಂದ ಹುಡುಕಿ ತೆಗೆದ ಆರಿಯೋಮೈಸಿನ್. ಟೆಟ್ರಾಸೈಕ್ಲಿನ್ ಮನೆತನದ ಮೊದಲನೆಯದು. ನಿರ್ದೇಶಕರಾದ ಸುಬ್ಬರಾಯರು ಸಹೋದ್ಯೋಗಿಗಳನ್ನು ಮುಂದೆ ನಿಲ್ಲಿಸಿ ತಾವು ಹಿಂದಿನ ಸಾಲಿನಲ್ಲಿ ನಿಲ್ಲುವ ಸ್ವಭಾವದವರಾಗಿದ್ದರು. ಅವರ ಹೆಸರು ಅಳಿಯಲು ಇದೂ ಒಂದು ಕಾರಣ. ವಿನಯವು ಭೂಷಣವೇ ಹೌದು. ಆದರೆ ಇಷ್ಟರ ಮಟ್ಟಿನ ವಿನಯವು ಇತಿಹಾಸಕಾರನಿಗೆ ತೊಂದರೆಯನ್ನು ಉಂಟುಮಾಡುತ್ತದೆಂದು ನಮಗೆ ತೋರುತ್ತದೆ.

ಫಾರ್ಬರನ ಲೇಖನವು ಪ್ರಕಟವಾಗಿ ಎರಡು ತಿಂಗಳಾಗಿದ್ದಿತು. 1948ರ ಆಗಸ್ಟಿನಲ್ಲಿ ಒಂದು ರಾತ್ರಿ ಮಲಗಿದ ಸುಬ್ಬರಾಯರು ಬೆಳಗಾಗುವಾಗ ಏಳಲಿಲ್ಲ. ಹೃದಯಾಘಾತವಾಗಿದ್ದಿತು. ವಯಸ್ಸು 53. ಅಮೆರಿಕೆಯ ಪೌರತ್ವವನ್ನು ಅವರು ಕೊನೆಯವರೆಗೂ ಪಡೆದಿರಲಿಲ್ಲ. ಮೂರು ವರ್ಷಗಳಲ್ಲಿ ಬರುವುದಾಗಿ ಹೇಳಿಹೋದವರು 26 ವರ್ಷಗಳಾದರೂ ಬಂದಿರಲಿಲ್ಲ. ಶೇಷಗಿರಿಯಮ್ಮನವರು ಪತಿಯನ್ನು ಮತ್ತೆ ಕಾಣಲಿಲ್ಲ. ಕೀರ್ತಿಯ ಲೆಕ್ಕವನ್ನು ಬರೆಯುವಾಗ ಈ ಬಾಬತ್ತನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಊರಿನಲ್ಲಿ ಕಾಯುತ್ತ ಕುಳಿತವರ ಬದುಕೇನಾಗುವುದೆಂಬುದನ್ನು ವಲಸೆ ಬಂದ ನಾವು ಬಲ್ಲೆವು.

ಅಮಿನಾಪ್ಟೆರಿನ್ನಿನ ಸ್ಥಾನಕ್ಕೆ ಅದರ ಸೋದರನಾದ, ಲೆಡರ್ಲೆಯಲ್ಲಿಯೇ ರಚಿತವಾದ, ಮೆಥೊಟ್ರೆಕ್ಸೇಟ್ ಬಂದಿತು. 1956ರಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ ಎಂಬವರು ಗರ್ಭಕೋಶದಲ್ಲಿ ಹುಟ್ಟುವ ಕೋರಿಯೊಕಾರ್ಸಿನೋಮ ಎಂಬ ಅರ್ಬುದವು ದೇಹವೆಲ್ಲ ಹರಡಿದ್ದರೂ ಈ ಔಷಧವೊಂದರಿಂದಲೇ ಇಳಿದುದನ್ನು ತೋರಿಸಿದರು. ಮಕ್ಕಳ ರಕ್ತಾರ್ಬುದವೂ ಈಗ, ಹಲವು ಔಷಧಗಳ ಕೂಟದಿಂದ, ಬಹುಪಾಲು ಗುಣವಾಗುವ ರೋಗವಾಗಿದೆ. ಎರಡು ಮೂರು ವರ್ಷಗಳ ಆ ದೀರ್ಘ ಚಿಕಿತ್ಸೆಯಲ್ಲಿ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟಿನ ಸ್ಥಾನವು ಇಂದಿಗೂ ಉಳಿದಿದೆ.

ವಾರಕ್ಕೊಮ್ಮೆ ಎಂಬ ಶಬ್ದದ ಬಳಿ ನಾವು ತುಸು ನಿಲ್ಲಬೇಕು. ಸಂಧಿವಾತಕ್ಕೂ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೂ ಈ ಗುಳಿಗೆಯನ್ನು ಕೊಡುವುದು ವಾರದಲ್ಲಿ ಒಂದೇ ದಿನ. ರಕ್ತದೊತ್ತಡದ ಗುಳಿಗೆಯಂತೆ ಇದನ್ನೂ ದಿನಾಲೂ ನುಂಗಿದವರು ಹಲವು ದೇಶಗಳಲ್ಲಿ ಪ್ರಾಣವನ್ನೇ ಕಳೆದುಕೊಂಡಿದ್ದಾರೆ. ಬಾಧೆಯನ್ನು ತಗ್ಗಿಸಲು ವೈದ್ಯರು ಬೇರೆ ದಿನ ನುಂಗುವಂತೆ ಫೋಲಿಕ್ ಆಮ್ಲವನ್ನೂ ಬರೆದುಕೊಡುತ್ತಾರೆ. ಅದೂ ಅನೇಕ ವೇಳೆ ಸಣ್ಣ ಹಳದಿ ಗುಳಿಗೆಯೇ! ಸುಬ್ಬರಾಯರ ಅವಳಿಗಳು ಒಂದೇ ಡಬ್ಬಿಯಲ್ಲಿ ಬಿದ್ದರೆ ಯಾವುದು ಅನ್ನ, ಯಾವುದು ಉಪವಾಸವೆಂದು ಕಣ್ಣಿಗೆ ತಿಳಿಯದು. ಆದುದರಿಂದಲೇ ತಿಳಿದ ದಾದಿಯರು ವಾರದ ಹೆಸರನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಯಿಸಿ, ರೋಗಿಯ ಬಾಯಿಂದ ಅದನ್ನು ಮತ್ತೆ ಹೇಳಿಸುತ್ತಾರೆ. ಬಾಯಲ್ಲಿ ಹುಣ್ಣು, ಜ್ವರ, ಹೊಸದಾದ ಒಣಕೆಮ್ಮು, ಉಸಿರುಕಟ್ಟು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಗುಳಿಗೆಗೆ ಮೊದಲು ವೈದ್ಯರನ್ನು ಕಾಣಬೇಕೆಂದು ಅವರು ತಿಳಿಸುತ್ತಾರೆ. ಗರ್ಭಿಣಿಯರಿಗೆ ಈ ಔಷಧವು ನಿಷಿದ್ಧ. ಮೈಕೈನೋವಿಗೆಂದು ಅಂಗಡಿಯಿಂದ ತಾವಾಗಿ ತಂದ ಗುಳಿಗೆಗಳೂ ಕೆಲವು ಸಲ ಇದು ಮೂತ್ರದಲ್ಲಿ ಹೊರಹೋಗುವುದನ್ನು ತಡೆದು ವಿಷವಾಗಿಸುತ್ತವೆ. ದಿನವೆಲ್ಲ ನಿಂತು ದುಡಿಯುವ ಹೋಟೆಲು ಕೆಲಸಗಾರನು ಇದನ್ನು ನೆನಪಿಡುವುದು ಒಳ್ಳೆಯದು.

ಆಸ್ಪತ್ರೆಯೊಳಗೆ ಕೆಲವು ರೋಗಿಗಳಿಗೆ ಇದೇ ಔಷಧವನ್ನು ನೂರಾರು ಪಾಲು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಹರಿಸುವುದುಂಟು. ಅಲ್ಲಿ ದಾದಿಯ ಗಡಿಯಾರವೇ ರೋಗಿಯ ಪ್ರಾಣ. ಧಾರಾಳವಾಗಿ ದ್ರವವನ್ನು ಕೊಟ್ಟು, ಸೋಡಾ ಬೈಕಾರ್ಬೊನೇಟಿನಿಂದ ಮೂತ್ರದ ಆಮ್ಲತೆಯನ್ನು ಇಳಿಸಿ, ರಕ್ತದಲ್ಲಿ ಔಷಧವು ಎಷ್ಟು ಉಳಿದಿದೆಯೆಂದು ಅಳೆಯಿಸುತ್ತ, ಸುಮಾರು 24 ಗಂಟೆಗಳಾಗುತ್ತಲೇ ಲ್ಯುಕೊವೊರಿನ್ ಎಂಬ ಪ್ರತಿಮದ್ದನ್ನು ಆರಂಭಿಸಬೇಕು. ಇದು ಸಿದ್ಧರೂಪದ ಫೋಲಿಕ್ ಆಮ್ಲವೇ. ಮೇಜುಗಳೆಲ್ಲ ತುಂಬಿ ಹೋಟೆಲು ಸ್ತಬ್ಧವಾಗಿರುವಾಗ ಹಿಂಬಾಗಿಲಿನಿಂದ ಊಟದ ಪೊಟ್ಟಣವನ್ನು ಕೊಟ್ಟಂತೆ, ಅದು ಕಿಣ್ವವನ್ನು ಬಳಸಿಕೊಂಡು ಹೋಗಿ ಆರೋಗ್ಯವಂತ ಕೋಶಗಳನ್ನು ಉಳಿಸುತ್ತದೆ. ತಡವಾದರೆ ಆ ಪೊಟ್ಟಣವು ಉಪಯೋಗಕ್ಕೆ ಬಾರದು.

ತಾಕಾಮಿನೆಯ ಔಷಧವು ಅದೇ ತಟ್ಟೆಗೆ ಬರುವುದು ಈ ವಾರ್ಡಿನಲ್ಲಿಯೇ. ರಕ್ತಾರ್ಬುದದ ಮಕ್ಕಳಿಗೆ ಮೆಥೊಟ್ರೆಕ್ಸೇಟಿನೊಡನೆ ಕೊಡುವ ಆಸ್ಪರಾಜಿನೇಸ್ ಎಂಬ ಔಷಧವು ಕೆಲವರಿಗೆ ಇದ್ದಕ್ಕಿದ್ದಂತೆ ಒಗ್ಗದೆ, ಮೈ ದದ್ದೆದ್ದು, ಉಸಿರು ಕಟ್ಟಿ, ರಕ್ತದೊತ್ತಡವು ಕುಸಿಯುತ್ತದೆ. ಆಗ ತೊಡೆಯ ಸ್ನಾಯುವಿಗೆ ತಡಮಾಡದೆ ಚುಚ್ಚಬೇಕಾದುದು ಅಡ್ರಿನಲಿನ್ನೇ. ವಯಸ್ಕರಿಗೆ ಅರ್ಧ ಮಿಲಿಗ್ರಾಂ. ಮಕ್ಕಳಿಗೆ ತೂಕವನ್ನು ನೋಡಿ ಅದಕ್ಕಿಂತ ಕಡಿಮೆ. ರೋಗಿಯು ರಕ್ತದೊತ್ತಡಕ್ಕೆ ಯಾವ ಗುಳಿಗೆಯನ್ನು ನುಂಗುತ್ತಾನೆಂದು ದಾದಿಯು ಮೊದಲೇ ಕೇಳಿ ಬರೆದಿಡುವುದು ಕಾಟಾಚಾರದ ಪ್ರಶ್ನೆಯಲ್ಲ. ಪ್ರೊಪ್ರನಲಾಲ್, ಅಟೆನಲಾಲ್ ಮೊದಲಾದವು ಅಡ್ರಿನಲಿನ್ ತಟ್ಟುವ ಬಾಗಿಲನ್ನೇ ಮುಚ್ಚಿರುವುದರಿಂದ ಆಪತ್ಕಾಲದಲ್ಲಿ ಚುಚ್ಚುಮದ್ದು ಪೂರ್ಣವಾಗಿ ಹತ್ತದೆ ಹೋಗಬಹುದು. ಬಿಳಿಯ ರಕ್ತಕಣಗಳು ಕುಗ್ಗಿ ಸೋಂಕು ರಕ್ತಕ್ಕೇರಿದವರಿಗೆ ಒತ್ತಡವನ್ನು ಎತ್ತಿ ಹಿಡಿಯಲು ನಾರ್‌ಅಡ್ರಿನಲಿನ್ನನ್ನು ಹನಿಹನಿಯಾಗಿ ಕೊಡುತ್ತಾರೆ. ಅದು ರಕ್ತನಾಳದಿಂದ ಹೊರಕ್ಕೆ ಸೋರಿದರೆ ಸುತ್ತಲಿನ ಚರ್ಮವು ರಕ್ತವಿಲ್ಲದೆ ಬಿಳಿಚಿಕೊಂಡು ಸಾಯುತ್ತದೆ. ಅದಕ್ಕೆ ಫೆಂಟಲಮೀನ್ ಎಂಬ ಪ್ರತಿಮದ್ದಿದೆ. ಅರ್ಬುದದ ಔಷಧಗಳಲ್ಲಿಯೂ ವಿನ್‌ಕ್ರಿಸ್ಟೀನ್, ಡಾಕ್ಸೊರುಬಿಸಿನ್ ಮುಂತಾದವು ಸೋರಿದರೆ ಮಾಂಸವನ್ನು ಸುಡುತ್ತವೆ. ಆದುದರಿಂದ ಸಿಸ್ಟರು ಮತ್ತೆ ಮತ್ತೆ ಬಂದು ಸೂಜಿಯ ಸುತ್ತ ಬೆರಳಾಡಿಸಿ ಉರಿಯುವುದೇ ಎಂದು ಕೇಳುವಾಗ, ಸುಮ್ಮನೆ ಇಲ್ಲವೆನ್ನದೆ ಇದ್ದುದನ್ನು ಇದ್ದಂತೆ ಹೇಳಬೇಕು. ಭಾಷೆ ಬಾರದ ರೋಗಿಗೆ ಇದೇ ಕಷ್ಟ. ಊರಿನಿಂದ ಆಗತಾನೆ ಬಂದ, ಮರಾಠಿಯಾಗಲಿ ಹಿಂದಿಯಾಗಲಿ ಬಾರದ ತಾಯಿತಂದೆಗಳನ್ನು ಚಿಕಿತ್ಸೆಗೆ ಕರೆದೊಯ್ಯುವ ನಮ್ಮವರು ಉರಿ, ನೋವು, ತುರಿಕೆ, ಉಸಿರುಕಟ್ಟು ಎಂಬ ನಾಲ್ಕು ಮಾತುಗಳಿಗಾದರೂ ದಾದಿಗೆ ಅರ್ಥವಾಗುವ ಶಬ್ದಗಳನ್ನು ಕಲಿಸಿಕೊಡುವುದು ಅಗತ್ಯ.

ಭಾರತ ಸರಕಾರವು 1995ರಲ್ಲಿ, ಜನ್ಮಶತಾಬ್ದಿಯ ವರ್ಷ, ಸುಬ್ಬರಾಯರ ಚಿತ್ರವಿರುವ ಅಂಚೆಚೀಟಿಯೊಂದನ್ನು ಹೊರಡಿಸಿತು. ಒಂದು ಜಾತಿಯ ಶಿಲೀಂಧ್ರಕ್ಕೂ ಅವರ ಹೆಸರಿದೆ. ಪರೇಲಿನಲ್ಲಿ ಮಾತ್ರ ಅವರ ಕೆಲಸವು ಮುಂದುವರಿಯುತ್ತಲೇ ಬಂದಿದೆ. ಲೂಸಿ ವಿಲ್ಸಳು ದುಡಿದ ಹಾಫ್‌ಕಿನ್ ಸಂಸ್ಥೆಯಿಂದ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೆ ನಡೆದು ಹೋಗುವಷ್ಟೇ ದಾರಿ. ಆ ಆಸ್ಪತ್ರೆಯ ವೈದ್ಯರು, ತಂಬಾಕಿನಿಂದ ಬಾಯಿ ಗಂಟಲುಗಳಲ್ಲಿ ಹುಟ್ಟಿ ಶಸ್ತ್ರಚಿಕಿತ್ಸೆಯ ಹಂತವನ್ನು ದಾಟಿದ ಅರ್ಬುದಕ್ಕೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆಯನ್ನೂ ದಿನಕ್ಕೆರಡು ಬಾರಿ ಸೆಲೆಕಾಕ್ಸಿಬ್ ಎಂಬ ಗುಳಿಗೆಯನ್ನೂ, ವೈದ್ಯರ ಕಣ್ಗಾವಲಿನಲ್ಲಿ, ಕೊಟ್ಟು ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ರಕ್ತನಾಳಕ್ಕೆ ಹರಿಸುವ ಸಿಸ್‌ಪ್ಲಾಟಿನ್ ಪಡೆದವರು ಬದುಕಿದ ಮಧ್ಯಮ ಅವಧಿಯು 6.1 ತಿಂಗಳಾದರೆ ಗುಳಿಗೆಯವರದು 7.5 ತಿಂಗಳು, ಬಾಧೆಯೂ ಕಡಿಮೆ, ವೆಚ್ಚವೂ ಬಹಳ ಕಡಿಮೆ. ವಾರ್ಡಿನಲ್ಲಿ ಮಲಗಬೇಕಾಗಿಲ್ಲ. ಗುಳಿಗೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ನುಂಗಬೇಕಾದ ವಾರವನ್ನು ಚೀಟಿಯಲ್ಲಿ ಬರೆಯಿಸಿಕೊಂಡು, ರೋಗಿಯು ಅಂದಿನ ಗಾಡಿಯಲ್ಲಿಯೇ ಕಾಂದಿವಲಿಗೆ ಹಿಂದಿರುಗಬಹುದು.